ದೂರದ ಊರಿನ ಸೀಟು

ಕಾಲೇಜಿನ ರೇಡಿಯೊ ಕೋಣೆಯ ಬಾಗಿಲು ತಳ್ಳಿದಾಗ ಅವಳಿಗೆ ಕಂಡದ್ದು, ಮೈಕಿನ ಮುಂದೆ ಕೈಕಟ್ಟಿ ಕಣ್ಣು ಮುಚ್ಚಿ ನಿಂತ ಹುಡುಗ.

"ಅಯ್ಯೋ, ಪ್ರಾರ್ಥನೆ ಮಾಡ್ತಿದ್ರಾ? ಸಾರಿ!"

ಅವನು ಕಣ್ಣು ತೆರೆದ. ಬಂದ ಸಿಟ್ಟು ಅವಳ ಮುಖ ನೋಡಿದೊಡನೆ ಎಲ್ಲಿ ಹೋಯಿತೋ.

"ಕೋಣೆಯ ಮೌನ ರೆಕಾರ್ಡ್ ಮಾಡ್ತಿದ್ದೆ. ಮಾತು ಕತ್ತರಿಸಿದ ಕಡೆ ಇದನ್ನ ಸೇರಿಸ್ತೀವಿ. ಇಲ್ದಿದ್ರೆ ಕೇಳೋರಿಗೆ ಗುಂಡಿಗೆ ಬಿದ್ದ ಹಾಗಾಗುತ್ತೆ."

"ಈಗ?"

"ಈಗ ಮೌನದೊಳಗೆ ನೀವಿದ್ದೀರಿ."

ಹಿಂದೆಯೇ ಏದುಸಿರು ಬಿಡುತ್ತ ಬಂದ ದೊಡ್ಡಮ್ಮ ಕುರ್ಚಿಯಲ್ಲಿ ಕುಸಿದರು. "ಇವಳಿದ್ದ ಕಡೆ ಮೌನ ಎಲ್ಲಿಂದ ಬರ್ಬೇಕಪ್ಪಾ? ಮನೇಲಿ ಸುಮ್ನೆ ಗಿಣಿ ಅಂತ ಕರೀತೀವಾ?"

ಗಿಣಿಗೆ ಪತ್ರಿಕೋದ್ಯಮ ಓದುವ ಹಟ. ಎರಡು ಕಡೆ ಸೀಟು ಸಿಕ್ಕಿತ್ತು: ಒಂದು ಇಲ್ಲಿ, ತನ್ನ ಊರಲ್ಲೇ, ಇನ್ನೊಂದು, ಒಂದು ಹಗಲು ಪೂರ್ತಿ ರೈಲಿನಲ್ಲಿ ಹೋಗಬೇಕಾದ ಊರಲ್ಲಿ. ಸಂಜೆಯೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಇದಿಷ್ಟನ್ನೂ ಒಂದೇ ಉಸಿರಿಗೆ ಅವನಿಗೆ ಹೇಳಿದಳು. ಕಾಲೇಜು ನೋಡಲು ಬಂದವರಿಗೆ ಈ ಕೋಣೆ ತೋರಿಸುವುದು, ಎರಡನೇ ವರ್ಷದ ಅವನ ಪಾಲಿನ ಕೆಲಸ.

ಅವನು ಹೆಡ್‌ಫೋನನ್ನು ಮೌನ ಹೇಗಿರುತ್ತೆ ಕೇಳಿ ಎಂದು ಅವಳ ಕಿವಿಗಿಟ್ಟ. ಸ್ಟ್ಯಾಂಡಿನಿಂದ ತೆಗೆದ ಮೈಕನ್ನು ತನ್ನ ಎದೆಗೊತ್ತಿ ಹಿಡಿದಿರುವುದು ಅವನಿಗೇ ಗೊತ್ತಿರಲಿಲ್ಲ.

"ಇದೇನಿದು, ಡಬ್ ಡಬ್ ಅಂತಿದೆ?"

"ಫ್ಯಾನು."

ಅವಳು ತಲೆಯೆತ್ತಿ ನೋಡಿದಳು. ಫ್ಯಾನು ತಿರುಗುತ್ತಿರಲಿಲ್ಲ. ಮತ್ತೆ ಅವನತ್ತ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

ನಗು ಅಡಗಿಸಿ ಕೇಳಿದಳು: "ನಿಜ ಹೇಳಿ. ನಿಮ್ಮ ತಂಗಿಯಾಗಿದ್ರೆ ಇದೇ ಕಾಲೇಜಿಗೆ ಸೇರಿಸ್ತಿದ್ರಾ?"

ಹೂಂ ಎಂದರೆ ಸಾಕಿತ್ತು. ನಾಳೆಯಿಂದ ಇದೇ ಮೆಟ್ಟಿಲು, ಇದೇ ಕೋಣೆ, ಇದೇ ಕಣ್ಣು. ದೇವರು ಕೆಲವೊಮ್ಮೆ ಬೇಡಿದ್ದನ್ನು ಎದುರಿಗೇ ತಂದು ನಿಲ್ಲಿಸಿ, ನೀನೆಂಥವನು ಎಂದು ಸುಮ್ಮನೆ ನೋಡುತ್ತಾನೆ.

"ನಿಮ್ಮನ್ನ ತಂಗಿ ಅಂದ್ಕೊಳ್ಳೋದು ಕಷ್ಟ," ಎಂದ. "ಆದ್ರೂ ಹೇಳ್ತೀನಿ. ಇಲ್ಲಿ ಎರಡು ವರ್ಷ ಬರೀ ಪುಸ್ತಕ. ನಾನಿನ್ನೂ ಒಂದು ಸುದ್ದಿಗೂ ಹೊರಗೆ ಕಾಲಿಟ್ಟಿಲ್ಲ. ಅಲ್ಲಿ ಮೊದಲ ತಿಂಗಳೇ ಬೀದಿಗೆ ಕಳಿಸ್ತಾರೆ. ಪತ್ರಿಕೆ ತರೋದೂ ವಿದ್ಯಾರ್ಥಿಗಳೇ. ನೀವು ಅಲ್ಲಿಗೇ ಹೋಗಿ."

"ಓಡಿಸ್ತಿದ್ದೀರಾ?"

"ಇಲ್ಲೇ ಇರಿ ಅನ್ನೋ ಆಸೆ ಎಷ್ಟಿದೆ ಅಂತ ಮಾತ್ರ ಕೇಳ್ಬೇಡಿ."

ಗಿಣಿ ಹೆಡ್‌ಫೋನ್ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟಳು. "ದೊಡ್ಡಮ್ಮಾ, ದೂರದ್ದೇ ಆಗ್ಲಿ."

ದೊಡ್ಡಮ್ಮ ಇಬ್ಬರನ್ನೂ ನೋಡಿದರು.

ಗಿಣಿ ಫೋನನ್ನು ಅವನ ಮುಂದೆ ಚಾಚಿದಳು. "ನಿಮ್ಮ ನಂಬರ್ ಹಾಕಿ. ನನ್ನ ಮೊದಲ ಸುದ್ದಿ ನಿಮಗೇ ಕಳಿಸ್ತೀನಿ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನೋರು ನನಗೆ ಬೇಕು."

"ಸುದ್ದಿ ಓದೋದಕ್ಕೆ ಮಾತ್ರಾನಾ?"

"ಉಳಿದದ್ದು ರಜೆಗೆ ಬಂದಾಗ."

"ರಜೆ ಯಾವಾಗ ಅಂತ ಈಗಲೇ ಕೇಳಿಟ್ಕೊಳ್ಳಪ್ಪಾ," ದೊಡ್ಡಮ್ಮ ಮಂಡಿ ಹಿಡಿದು ಏಳುತ್ತ ಅಂದರು. "ಆಮೇಲೆ ನನ್ನ ತಲೆ ತಿನ್ಬೇಡಿ."

ಅವನು ಕೇಳಿದ. ಬಾಗಿಲಲ್ಲಿ ನಿಂತು ಅವಳು ದಿನ ಹೇಳಿದಳು. ಎರಡು ಹೆಜ್ಜೆ ಹೋದವಳು ಹಿಂದಿರುಗಿ, ಇಲ್ಲ, ಅದಕ್ಕೂ ಮೊದಲೇ ಬರುತ್ತೇನೆ ಅಂದಳು.