ಎಡಗಣ್ಣಿನ ಗಾಜು ಬಲಗಣ್ಣಿಗೆ

ದರ್ಜಿಯವಳು ಹೊಸ ಕನ್ನಡಕ ಹಾಕಿಕೊಂಡು ದಾರ ಪೋಣಿಸಲು ಹೋದರೆ ಸೂಜಿ ಎರಡಾಯಿತು, ತಲೆ ಗಿರ್ರೆಂದಿತು. ಸರಸರನೆ ಎದುರಿನ ಕನ್ನಡಕದ ಅಂಗಡಿಗೆ ಹೊರಟಳು. ಸಿಟ್ಟೇನೋ ಇತ್ತು. ಆದರೂ ರಸ್ತೆ ದಾಟುವಾಗ ಕೈ ತಾನಾಗಿಯೇ ಹಣೆಯ ಕೂದಲು ಸರಿಮಾಡಿತು.

"ಏನ್ರೀ ಇದು? ನೆಲ ಎದ್ದು ಬರ್ತಿದೆ!"

"ನನ್ನ ನೋಡಿದವರಿಗೆಲ್ಲ ಹಾಗೇ ಆಗೋದು," ಎಂದ ಅಂಗಡಿಯವನು.

ಕನ್ನಡಕ ಬೆಳಕಿಗೆ ಹಿಡಿದವನ ನಗು ಆರಿಹೋಯಿತು. ಎಡಗಣ್ಣಿನ ಗಾಜು ಬಲಕ್ಕೆ ಕೂತಿತ್ತು, ಬಲದ್ದು ಎಡಕ್ಕೆ.

ಪ್ರತಿ ಕನ್ನಡಕವನ್ನೂ ಎರಡೆರಡು ಸಲ ಪರೀಕ್ಷಿಸಿ ಕೊಡುವವನು ಇವನು. ಹೊಲಿಗೆಯ ನಡುವೆ ಕತ್ತೆತ್ತಿ ಅವಳು ಕದ್ದು ನೋಡುತ್ತಿದ್ದದ್ದು ಆ ತಾಳ್ಮೆಯನ್ನೇ. ಅವನ ಕಣ್ಣು ಚೆಂದ ಅಂತ ಗೊತ್ತಾದದ್ದು ಆಮೇಲೆ.

"ಒಂಬತ್ತು ದಿನದಿಂದ ಮಾತ್ರೆ ತಗೊಂಡಿಲ್ಲ. ನಿದ್ದೆ ಇಲ್ಲ. ಕೈ ಒಂದು ಕಡೆ, ಗಮನ ಒಂದು ಕಡೆ," ಎಂದ.

"ಯಾವ ಮಾತ್ರೆ?"

ಬಿಪಿ ಅಂತಲೋ ಗ್ಯಾಸ್ಟ್ರಿಕ್ ಅಂತಲೋ ಹೇಳಿ ಜಾರಿಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ.

"ಡಿಪ್ರೆಶನ್‌ಗೆ. ಆರು ವರ್ಷದ ಹಿಂದೆ ಎರಡು ತಿಂಗಳು ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ. ಆಮೇಲಿಂದ ಒಂದು ದಿನಾನೂ ತಪ್ಪಿಸಿದವನಲ್ಲ."

"ಮತ್ತೆ ಈಗೇನು ಬಂತು?"

"ನೀವು ಮಾತಾಡಿಸೋಕೆ ಶುರುಮಾಡಿದ್ರಲ್ಲ. ಇಷ್ಟು ಖುಷಿಯಾಗಿರೋನಿಗೆ ಮಾತ್ರೆ ಯಾಕೆ ಅನ್ನಿಸ್ತು."

ಅವಳ ಎದೆ ಹಿಗ್ಗಿತು. ಹಿಗ್ಗಿದಷ್ಟೇ ಬೇಗ ಹೆದರಿತು.

"ನೋಡಿ, ನನಗೆ ಬರೋದು ಹೊಲಿಗೆ. ಮಾತ್ರೆ ಬದಲು ನಿಲ್ಲೋದು ನನ್ನ ಕೈಲಿ ಆಗಲ್ಲ. ನಾಳೆ ನಾನು ಮುಖ ಗಂಟು ಹಾಕ್ಕೊಂಡ್ರೆ ನಿಮ್ಮ ಗತಿ? ಡಾಕ್ಟರಿಗೆ ಫೋನ್ ಮಾಡಿ. ಈಗಲೇ."

ಅವನು ಅಲ್ಲೇ ಮಾಡಿದ. "ತಪ್ಪು ನಂದೇ ಡಾಕ್ಟ್ರೇ, ನಿಮಗೆ ಹೇಳದೆ ನಿಲ್ಲಿಸಿಬಿಟ್ಟೆ." ನೆಪವಿಲ್ಲ, ಸುತ್ತುಬಳಸಿಲ್ಲ. ತನ್ನ ತಪ್ಪನ್ನು ಇಷ್ಟು ನೆಟ್ಟಗೆ ಹೇಳುವ ಗಂಡಸನ್ನು ಅವಳು ತನ್ನ ಮೂವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಮನಸ್ಸಿಗೆ ಬಂದ ಹಾಗೆ ಮತ್ತೆ ಶುರುಮಾಡಬೇಡಿ, ಮೊದಲು ಬನ್ನಿ ಎಂದರಂತೆ ಡಾಕ್ಟರು. ಇಬ್ಬರೂ ಅಂಗಡಿಗಳ ಬಾಗಿಲೆಳೆದು ಜೊತೆಗೇ ಹೋದರು.

ಅವನಿಗೆ ಸರಿಹೋಗಲು ವಾರಗಳೇ ಹಿಡಿದವು. ಕೆಲವು ದಿನ ಅವನು ಮಾತೇ ಆಡುತ್ತಿರಲಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಮಾತ್ರೆ ನುಂಗಲು ನೀರಿನ ಲೋಟ ಮಾತ್ರ ಏಳುತ್ತಿತ್ತು, ಗಿರಾಕಿಗಳು ಎದುರಿಗಿದ್ದರೂ. "ಏನಪ್ಪಾ ಕಾಯಿಲೆ? ಚೆನ್ನಾಗೇ ಇದ್ದೀಯಲ್ಲ?" ಎಂದು ಮುದುಕರೊಬ್ಬರು ಕೇಳಿದ್ದಕ್ಕೆ, "ಮನಸ್ಸಿಗೆ ಅಜ್ಜ. ತಗೊಳ್ತಿರೋದಕ್ಕೇ ಚೆನ್ನಾಗಿರೋದು," ಎಂದ. ಬ್ಲೌಸು ಕೊಡಲು ಹೋಗಿದ್ದವಳು ಹೊಸ್ತಿಲಲ್ಲೇ ನಿಂತು ಕೇಳಿದಳು. ಶೂರರ ಕಥೆ ಅವಳೂ ಓದಿದ್ದಳು. ದಿನವೂ ಒಂದೇ ಹೊತ್ತಿಗೆ, ಯಾರೂ ಚಪ್ಪಾಳೆ ತಟ್ಟದ ಕೆಲಸವೊಂದನ್ನು ಬೇಸರಿಸದೆ ಮಾಡುವವನು ಅವರಿಗಿಂತ ಏನು ಕಮ್ಮಿ ಅನ್ನಿಸಿತು.

ಮುದುಕರು ಹೋದ ಮೇಲೆ ಅವನೇ ಬಾಯಿಬಿಟ್ಟ. "ಒಂದು ಕೇಳ್ಲಾ? ಯೋಚನೆ ಮಾಡಿ ಹೇಳಿ. ನಾವಿಬ್ರೂ ಮದುವೆಯಾದ್ರೆ ನನ್ನ ಜೊತೆ ಈ ಮಾತ್ರೆ ಡಬ್ಬಿನೂ ಮನೆಗೆ ಬರುತ್ತೆ. ಬಹುಶಃ ಕೊನೇವರೆಗೂ ಇರುತ್ತೆ."

"ಬರಲಿ ಬಿಡಿ," ಎಂದಳು, ಕೆನ್ನೆ ಬಿಸಿಯಾದದ್ದನ್ನು ಲೆಕ್ಕಿಸದೆ. "ನನ್ನ ಜೊತೆ ನಮ್ಮಮ್ಮ ಬರ್ತಾಳೆ. ಡಬ್ಬಿಯಾದ್ರೂ ಸುಮ್ಮನಿರುತ್ತೆ."