ಮೀಜುವಿನ ಒಣ ಅಂಗಿ

“ಅವಳಿಗೆ ಬೇಡ ಕಣೋ, ಅಂಗಿ ಬಣ್ಣ ಬಿಡುತ್ತೆ” ಎಂದಳು ಬುವಾ.

ಎತ್ತಿದ ಬಕೆಟ್ಟು ಹಾಗೇ ಪಕ್ಕಕ್ಕೆ ತಿರುಗಿತು. ಮೀಜುವಿನ ಬದಿಗಿದ್ದ ಹುಡುಗ ತೊಯ್ದು ತೊಪ್ಪೆಯಾದ. ಅವಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಅಂಗಿ ಅಜ್ಜಿ ಹೊಲಿದದ್ದು. ಕಪ್ಪು ಬಟ್ಟೆ, ತೋಳಿನ ತುಂಬ ಕೆಂಪು ಕಸೂತಿ, ಎದೆಯ ಮೇಲೆ ಬೆಳ್ಳಿ ಗುಂಡಿ. ಬೆಟ್ಟದ ಅಖಾ ಬುಡಕಟ್ಟಿನ ಹಳ್ಳಿಯಿಂದ ಅಮ್ಮನ ಜೊತೆ ಚಿಯಾಂಗ್ ಮಾಯ್ ನಗರಕ್ಕೆ ಇಳಿದು ಬಂದು ಮೂರು ತಿಂಗಳಾಗಿತ್ತು. ಮೀಜುಗಿದ್ದ ಹೊಸ ಬಟ್ಟೆ ಇದೊಂದೇ.

ಹಬ್ಬಕ್ಕೆ ಹೊಸ ಬಟ್ಟೆ ಹಾಕ್ಕೋ ಎಂದವಳೂ ಪಕ್ಕದ ಮನೆಯ ಬುವಾನೇ. ಅವಳು ಒಂದು ವರ್ಷ ದೊಡ್ಡವಳು. ಸೊಂಗ್‌ಕ್ರಾನ್ ಎಂಬ ಹೊಸವರ್ಷದ ನೀರಾಟದ ಹಬ್ಬ ನೋಡದವಳನ್ನು ನಿನ್ನೆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಪಾಠ ಹೇಳಿದ್ದಳು. ಭಿಕ್ಕುಗಳಿಗೆ ನೀರೆರಚಬಾರದು. ಎಳೆಕೂಸಿಗೆ, ಬೈಕಿನವರಿಗೆ ಎರಚಬಾರದು. ಕೆನ್ನೆಗೆ ಬಿಳಿ ಹಿಟ್ಟು ಬಳಿಯುವ ಮೊದಲು ಕೇಳಬೇಕು.

“ದೊಡ್ಡೋರಿಗೆ ಎರಚೋದಲ್ಲ. ಸೀಗೆಕಾಯಿ, ಮಲ್ಲಿಗೆ ಹಾಕಿದ ನೀರನ್ನ ಕೈ ಮೇಲೆ ಮೆಲ್ಲಗೆ ಸುರೀಬೇಕು. ತಪ್ಪಾಗಿದ್ರೆ ಕ್ಷಮಿಸಿ ಅನ್ಬೇಕು. ಅವರು ಹರಸ್ತಾರೆ.”

“ತಪ್ಪೇ ಮಾಡಿಲ್ಲ ಅಂದ್ರೆ, ಅಕ್ಕಾ?”

“ವರ್ಷವೆಲ್ಲ ಒಂದೂ ಮಾಡಿಲ್ವಾ? ಹಂಗಾದ್ರೆ ನಿನ್ನ ಕೈಗೇ ಸುರೀತೀನಿ ಬಾ, ಅಜ್ಜಮ್ಮ.”

ಮೀಜುಗೆ ಅಮ್ಮ ನೆನಪಾಗಿದ್ದಳು. ಇಲ್ಲಿಗೆ ಯಾಕೆ ಕರ್ಕೊಂಡು ಬಂದೆ ಎಂದು ಅಮ್ಮನ ಜೊತೆ ಜಗಳವಾಡಿ, ಎರಡು ದಿನದಿಂದ ಮಾತು ಬಿಟ್ಟಿದ್ದಳು.

ಈಗ ಬೀದಿಯಲ್ಲಿ ಎಲ್ಲರೂ ಹೂವಿನ ಶರ್ಟು ತೊಟ್ಟಿದ್ದರು. ಹೊಸ ಬಟ್ಟೆ ಅಂದರೆ ಅದು ಎಂದು ಮೀಜುಗೆ ಯಾರೂ ಹೇಳಿರಲಿಲ್ಲ. ಗುರುತಿಲ್ಲದವರು ಗುರುತಿಲ್ಲದವರ ಮೇಲೆ ನೀರು ಸುರಿದು ನಗುತ್ತಿದ್ದರು. ಅವಳ ಹತ್ತಿರ ಬಂದವರು ಮಾತ್ರ ಬಕೆಟ್ ಇಳಿಸಿ ಫೋನು ಎತ್ತುತ್ತಿದ್ದರು. ಒಬ್ಬ ಪ್ರವಾಸಿ ಫೋಟೊ ತೆಗೆದ. ಅವನ ಹಿಂದೆ ಇನ್ನೊಬ್ಬಳು. ಹಿಟ್ಟು ಬಳಿಯಲು ಕೇಳಬೇಕಂತೆ. ಫೋಟೊಗೆ ಯಾರೂ ಕೇಳಲಿಲ್ಲ.

ಬುವಾಳ ಮಾವನ ಪಿಕಪ್ ಗಾಡಿ ನೀರಿನ ಡ್ರಮ್ ಹೊತ್ತು ಬಂತು. ಹುಡುಗರೆಲ್ಲ ಹತ್ತಿಕೊಂಡರು. “ನೀನು ಬೇಡ ಕಣೆ, ಅಷ್ಟು ಚಂದದ ಅಂಗಿ ಹಾಳಾಗುತ್ತೆ” ಎಂದಳು ಬುವಾ. ಅವಳ ದನಿಯಲ್ಲಿ ಕುಹಕವಿರಲಿಲ್ಲ.

ಹಾಳಾಗಲಿ ಬಿಡು ಎನ್ನಬೇಕೆಂದಿತ್ತು ಮೀಜುಗೆ. ಅಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಅವಳು ಅಮ್ಮ ಕೆಲಸ ಮಾಡುವ ಗೆಸ್ಟ್‌ಹೌಸಿಗೆ ನಡೆದಳು. ಅಲ್ಲಿ ವರಾಂಡದ ಕುರ್ಚಿಯಲ್ಲಿ ಮಾಲೀಕ ಕೂತಿದ್ದ. ಅಮ್ಮನಿಗಿಂತ ಚಿಕ್ಕವನು. ಕೆಲಸದವರು ಒಬ್ಬೊಬ್ಬರಾಗಿ ಮಂಡಿಯೂರಿ ಅವನ ಅಂಗೈಗೆ ಮಲ್ಲಿಗೆಯ ನೀರು ಸುರಿಯುತ್ತಿದ್ದರು. ಕೊನೆಗೆ ಅಮ್ಮ ಮಂಡಿಯೂರಿದಳು. ತಪ್ಪಿದ್ದರೆ ಕ್ಷಮಿಸಿ ಎಂದಳು.

ಅಮ್ಮ ಇವನಿಗೆ ಏನು ತಪ್ಪು ಮಾಡಿದ್ದಾಳೆ?

ಅವನು ನೂರು ವರ್ಷ ಬಾಳು ಎಂದು ಹರಸಿದ. ಅದೇ ಉಸಿರಿನಲ್ಲಿ ಹೇಳಿದ: “ಮೆಟ್ಟಿಲ ಮೇಲೆ ನೀರು ನಿಂತಿದೆ. ಗೆಸ್ಟು ಜಾರಿ ಬಿದ್ದಾರು, ಒರೆಸಿಬಿಡು.”

ಎಲ್ಲರೂ ಚದುರಿದರು. ಅಮ್ಮ ಮೆಟ್ಟಿಲೊರೆಸಿ, ಬಟ್ಟೆ ಹಿಂಡಿ, ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತಳು. ಬೆಳಗಿನಿಂದ ಗೆಸ್ಟುಗಳು ಒಳಗೆ ತಂದ ನೀರನ್ನೆಲ್ಲ ಒರೆಸಿದವಳು ಅವಳೇ. ಸೊಂಟದವರೆಗೆ ನೆನೆದಿದ್ದಳು. ಇಡೀ ಬೀದಿಯಲ್ಲಿ ಅಷ್ಟು ಹೊತ್ತು ನೆನೆದವರು ಇರಲಿಲ್ಲವೇನೋ. ಆದರೆ ಯಾರೂ ಅವಳ ಮೇಲೆ ನೀರೆರಚಿರಲಿಲ್ಲ.

ವರಾಂಡದ ಬಟ್ಟಲಿನ ತಳದಲ್ಲಿ ಸ್ವಲ್ಪ ಮಲ್ಲಿಗೆಯ ನೀರು ಉಳಿದಿತ್ತು. ಮೀಜು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಮ್ಮನ ಮುಂದೆ ಮಂಡಿಯೂರಿದಳು.

“ಏನೇ ಇದು?” ಎಂದಳು ಅಮ್ಮ.

“ಕೈ ಹಿಡಿಯಮ್ಮ.”

ಫಿನಾಯಿಲ್‌ಗೆ ಬಿರಿದ ಅಂಗೈಗಳು. ಮೀಜು ಮೆಲ್ಲಗೆ ಸುರಿದಳು. ಉರಿದಿರಬೇಕು. ಆದರೂ ಅಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಮಾತು ಬಿಟ್ಟಿದ್ದು ತಪ್ಪಾಯ್ತಮ್ಮ.”

ಈಗ ಹರಸಬೇಕು. ಅಮ್ಮ ತಮ್ಮ ಅಖಾ ಮಾತಿನಲ್ಲಿ ಕೇಳಿದಳು, “ಉಂಡ್ಯಾ?”

ಮೀಜು ಇಲ್ಲವೆಂದು ತಲೆಯಾಡಿಸಿದಳು. ಅಮ್ಮ ತೊಟ್ಟಿಕ್ಕುವ ಎರಡೂ ಕೈಯಲ್ಲಿ ಅವಳ ಮುಖ ಹಿಡಿದಳು. ಮಲ್ಲಿಗೆಯ ನೀರು ಕೆನ್ನೆಯಿಂದ ಕುತ್ತಿಗೆಗೆ ಇಳಿದು ಕಸೂತಿಯ ಕೆಂಪಿನ ಮೇಲೆ ಬಿತ್ತು. ಒಂದು ಹನಿ. ಇನ್ನೊಂದು.

ಮೀಜು ಬಗ್ಗಿ ನೋಡಿಕೊಂಡಳು. ಬಣ್ಣ ಬಿಟ್ಟಿರಲಿಲ್ಲ.