ಬದುಕಿದ್ದವನಿಗೆ ಎತ್ತಿದ ಶಿಲುಬೆ

"ಆ ಬತ್ತಿ ಆರಿಸ್ಬೇಡ ಕಣೇ! ಅಪಶಕುನ!" ಎಂದು ಎರ್ಮಿನಿಯಾ ಒಳಗಿನಿಂದ ಕಿರುಚಿದಳು.

"ಉರಿಸಿದ್ರೆ ಅಪಶಕುನ ಅಲ್ವಾ ಅತ್ತೆ? ಬದುಕಿರೋರ ಫೋಟೊ ಮುಂದೆ ಯಾರಾದ್ರೂ ಬತ್ತಿ ಹಚ್ತಾರಾ?"

ಒತಿಲಿಯಾ ಮೇಣದ ಬತ್ತಿಯ ಮುಂದೆ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಳು. ಊದಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ದೇವರ ಮೇಜಿನ ಮೇಲೆ ಸತ್ತವರ ಸಾಲಿನಲ್ಲಿ, ಮಾವನ ಫೋಟೊದ ಪಕ್ಕದಲ್ಲೇ, ಅವಳ ಗಂಡ ಫಿದೆನ್ಸಿಯೊ ಟೋಪಿ ಓರೆ ಮಾಡಿಕೊಂಡು ನಗುತ್ತಿದ್ದ. ಪ್ರತಿ ನವೆಂಬರಿನಲ್ಲಿ ಸತ್ತವರು ಮನೆಗೆ ಬರುವ ದಿನ ಅವನ ಪಾಲಿನ ಬ್ರೆಡ್ಡು, ಚಾಕೊಲೇಟು, ಒಂದು ಗುಟುಕು ಮೆಸ್ಕಾಲ್ ಹೆಂಡ ಇಟ್ಟು ಕಾದವಳು ಇವಳೇ. ಈಗ ನೋಡಿದರೆ ಆ ಮಹಾರಾಯ ಕ್ಯಾಲಿಫೋರ್ನಿಯದ ಯಾವುದೋ ಆಸ್ಪತ್ರೆಯಲ್ಲಿ ಅರ್ಧ ಮೈ ಸ್ವಾಧೀನ ತಪ್ಪಿ, ಮಾತು ನಿಂತು ಮಲಗಿದ್ದಾನಂತೆ! ನಾಳೆ ವಿಮಾನದಲ್ಲಿ ವಹಾಕಾಕ್ಕೆ ಬರುತ್ತಾನಂತೆ!

ಆಸ್ಪತ್ರೆಯಿಂದ ಫೋನ್ ಬಂದಾಗ ಅತ್ತೆ ಮಾರುಕಟ್ಟೆಗೆ ಹೋಗಿದ್ದಳು. ಮುದುಕಿ ಮರೆತು ಬಿಟ್ಟುಹೋಗಿದ್ದ ಫೋನನ್ನು ಒತಿಲಿಯಾ ಜೋಳದ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಿದ್ದಳು.

"ರೋಗಿಗೆ ನೀವು ಏನಾಗ್ಬೇಕು?" ಎಂದು ಆ ಕಡೆಯ ಹೆಂಗಸು ಕೇಳಿದಳು.

"ನಾನು ಅವ್ರ ವಿಧವೆ."

"ಅಮ್ಮಾ... ಅವ್ರು ಇನ್ನೂ ಬದುಕಿದಾರೆ."

"ಹೌದಾ? ಒಳ್ಳೇದಾಯ್ತು ಬಿಡಿ," ಎಂದುಬಿಟ್ಟಳು ಒತಿಲಿಯಾ! ಯಾರದೋ ಮನೆಯ ಸುದ್ದಿ ಕೇಳಿದವಳ ಹಾಗೆ! ಫೋನ್ ಇಟ್ಟ ಮೇಲೆ ಒಲೆಯ ಮುಂದೆ ಕುಸಿದು ಕೂತಳು. ಅಳು ಬಂತು, ನಗು ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಲಾಯಿತು.

ಒಂಬತ್ತು ವರ್ಷಗಳ ಹಿಂದೆ ಇದೇ ಅತ್ತೆ ಎದೆ ಬಡಿದುಕೊಂಡು ಬಂದು, ದುಡಿಯಲು ಗಡಿ ದಾಟಹೋದ ಮಗ ಮರುಭೂಮಿಯಲ್ಲಿ ಸತ್ತುಹೋದನೆಂದು ಪಕ್ಕದೂರಿನವರು ಹೇಳಿದರೆಂದಿದ್ದಳು. ಹೆಣ ಸಿಗಲಿಲ್ಲ. ಅದರ ಬದಲು ಅವನ ಅಂಗಿಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಸುಣ್ಣ ಮತ್ತು ಹೂವಿನಿಂದ ಶಿಲುಬೆ ಬರೆದು, ಒಂಬತ್ತು ದಿನ ಜಪಮಾಲೆ ಹಿಡಿದರು. ಕೊನೆಯ ದಿನ ಆ ಶಿಲುಬೆಯನ್ನು ನೆಲದಿಂದ ಎತ್ತಬೇಕು. ಎತ್ತುವುದಕ್ಕೆ ಒಬ್ಬ ಧರ್ಮಪಿತ ಬೇಕು. ಎರ್ಮಿನಿಯಾ ಆರಿಸಿದ್ದು ಯಾರನ್ನು? ಊರಲ್ಲಿ ಬೇರೆ ಗಂಡಸರೇ ಇರಲಿಲ್ಲವೇನೋ ಎಂಬಂತೆ, ಬಡಗಿ ಸೆಲೆರಿನೊನನ್ನು!

ಸೆಲೆರಿನೊ ಹೆಂಡತಿ ಕಳೆದುಕೊಂಡವನು. ಗಂಡನ ಸುದ್ದಿಯಿಲ್ಲದೆ ಒತಿಲಿಯಾ ಒಬ್ಬಳೇ ಒದ್ದಾಡುತ್ತಿದ್ದ ದಿನಗಳಲ್ಲಿ ಕೇಳದೆಯೇ ಬಂದು ಸೂರು ಸರಿ ಮಾಡಿ, ಕಟ್ಟಿಗೆ ಸೀಳಿ ಕೊಟ್ಟು ಹೋಗುತ್ತಿದ್ದ. ಅವನ ಮನಸ್ಸಿನಲ್ಲಿ ಏನಿತ್ತೆಂದು ಅರ್ಧ ಊರಿಗೆ ಗೊತ್ತಿತ್ತು. ತನ್ನ ಮನಸ್ಸಿನಲ್ಲೂ ಅದೇ ಇತ್ತೆಂದು ಒತಿಲಿಯಾಗೆ ಮಾತ್ರ ಗೊತ್ತಿತ್ತು. ಅತ್ತೆ ಬ್ರೆಡ್ಡಿನ ಬುಟ್ಟಿ ಹೊತ್ತುಕೊಂಡು ಅವನ ಬಾಗಿಲಿಗೆ ಹೋಗಿ, ನನ್ನ ಮಗನ ಶಿಲುಬೆ ಎತ್ತಿಕೊಡಪ್ಪಾ ಎಂದು ಕೈ ಮುಗಿದಳು. ಸತ್ತವನ ಹೆಸರಲ್ಲಿ ಕೇಳಿದರೆ ಇಲ್ಲವೆನ್ನುವವರು ಆ ಕಣಿವೆಯಲ್ಲೇ ಇಲ್ಲ. ಎತ್ತಿದ ಆ ಗಳಿಗೆಯಿಂದ ಅವನು ಒತಿಲಿಯಾಗೆ ಕೊಂಪಾದ್ರೆ, ಇವಳು ಅವನಿಗೆ ಕೊಮಾದ್ರೆ. ದೇವರ ಮುಂದೆ ಬೆಸೆದ ನಂಟು ಅದು, ಒಡಹುಟ್ಟಿದವರಿಗಿಂತ ಹೆಚ್ಚು. ಅವರ ನಡುವೆ ಮದುವೆಯ ಮಾತು ಎತ್ತಿದರೆ ನಾಲಿಗೆಗೆ ಹುಳ ಬೀಳುತ್ತದೆ ಎನ್ನುವ ಜನ! ಅಂದಿನಿಂದ ಇಬ್ಬರೂ ತಲೆ ತಗ್ಗಿಸಿ, ಅದೇ ಎರಡು ಮಾತಿನಲ್ಲಿ ಒಬ್ಬರನ್ನೊಬ್ಬರು ಕರೆದುಕೊಂಡು ದಿನ ದೂಡಿದರು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಎಫಿಗೆನಿಯಾ ಬೇಲಿಯಾಚೆಯಿಂದ ಕತ್ತು ಚಾಚಿದಳು. "ಏನೇ ಒತಿಲಿಯಾ, ಗಂಡ ಬರ್ತಿದಾನಂತೆ! ನಾನೀಗ ಖುಷಿಯಾಯ್ತು ಅನ್ಲಾ, ಸಮಾಧಾನ ಮಾಡ್ಕೋ ಅನ್ಲಾ?"

"ನಂಗೇ ಗೊತ್ತಾದ್ಮೇಲೆ ನಿಮ್ಗೂ ಹೇಳ್ತೀನಿ ತಾಯಿ."

"ಆ ಕರಿ ಬಟ್ಟೆನಾದ್ರೂ ಬಿಚ್ಚೇ. ಅವ್ನು ನೋಡಿ ಹೆದರ್ಕೊಂಡಾನು!"

ಒತಿಲಿಯಾ ಒಳಗೆ ಹೋಗಿ ಹಳದಿ ರವಿಕೆ ಹಾಕಿಕೊಂಡಳು. ಯಾವುದೋ ಹಬ್ಬಕ್ಕೆ ಹೊರಟವಳ ಹಾಗೆ ಕಂಡು ನಾಚಿಕೆಯಾಯಿತು. ಮತ್ತೆ ಕರಿಯದನ್ನೇ ಹಾಕಿಕೊಂಡಳು. ಕೊನೆಗೆ ಕರಿ ಲಂಗ, ಹಳದಿ ರವಿಕೆಯಲ್ಲಿ ಹೊರಗೆ ಬಂದಳು!

ಸೆಲೆರಿನೊ ಮಂಚ ತಂದಿದ್ದ. ರೋಗಿ ಉರುಳಿ ಬೀಳದಂತೆ ಎರಡೂ ಕಡೆ ಪಟ್ಟಿ ಹೊಡೆದಿದ್ದ. ಆರೋಗ್ಯ ಕೇಂದ್ರದ ನರ್ಸು ಬಂದು ಎಲ್ಲ ಹೇಳಿಕೊಟ್ಟಳು: ಜೋಳದ ಗಂಜಿ ಚಮಚದಲ್ಲೇ ಕೊಡಬೇಕು, ಆಗಾಗ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. "ಒಬ್ಬರ ಕೈಲಿ ಆಗಲ್ಲ. ಒಬ್ಬ ಗಂಡಸು ಬೇಕೇ ಬೇಕು," ಎಂದಳು. ಎಲ್ಲರೂ ಸೆಲೆರಿನೊನ ಮುಖ ನೋಡಿದರು. ಅವನು ಸುತ್ತಿಗೆಯ ಮುಖ ನೋಡಿಕೊಂಡ.

ಮಧ್ಯಾಹ್ನ ವ್ಯಾನು ಬಂತು. ಸ್ಟ್ರೆಚರಿನ ಮೇಲೆ ಒಂದು ಹಿಡಿ ಮೂಳೆ, ಬಿಳಿ ಗಡ್ಡ, ಒಂದು ಕಡೆಗೆ ಜಾರಿದ ಬಾಯಿ... ಇವನೇ ಫಿದೆನ್ಸಿಯೊ! ಒತಿಲಿಯಾ ಅವನ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದಳು. ಅಯ್ಯೋ, ಇವನಿಗಾಗಿಯೇ ನಾನು ಅತ್ತದ್ದು? ಅಳುವುದೆಲ್ಲ ಅತ್ತು ಮುಗಿಸಿಬಿಟ್ಟೆನಲ್ಲ, ಈಗ ಎಲ್ಲಿಂದ ತರಲಿ? ಅವನು ಅವಳನ್ನು ಗುರುತಿಸಿದನೋ ಇಲ್ಲವೋ, ತಾಯಿಯ ಕಡೆ ತಿರುಗಿ ಗೊರಗೊರ ಸದ್ದು ಮಾಡಿದ.

ವ್ಯಾನಿನ ಜೊತೆ ಬಂದವನು ರೋಗಿಯ ಚೀಲ ಒಪ್ಪಿಸುತ್ತ, "ಇವ್ರ ಫೋನಲ್ಲಿ 'ಅಮ್ಮ' ಅಂತ ಇದ್ದ ನಂಬರಿಗೇ ನಾವು ಮಾಡಿದ್ದು. ಅದೊಂದೇ ನಂಬರು ಸಿಕ್ಕಿದ್ದು," ಎಂದ.

ಒತಿಲಿಯಾ ಅತ್ತೆಯ ಕಡೆ ತಿರುಗಿ ನೋಡಿದಳು. ಅತ್ತೆ ಆ ಫೋನು ಕೊಂಡದ್ದು ಯಾವಾಗ? ಜಪಮಾಲೆ ಮುಗಿದು, ಶಿಲುಬೆ ಎತ್ತಿ, ಎಷ್ಟೋ ಕಾಲದ ಮೇಲೆ! ಸತ್ತವನಿಗೆ ಆ ನಂಬರು ಕೊಟ್ಟವರು ಯಾರು?

ವ್ಯಾನು ಹೋಗುವವರೆಗೆ ತುಟಿ ಕಚ್ಚಿಕೊಂಡು ತಡೆದಳು. ಆಮೇಲೆ ತಡೆಯಲಾಗಲಿಲ್ಲ.

"ಅತ್ತೆ, ನಿಮ್ಗೆ ಗೊತ್ತಿತ್ತಾ?"

"ಏನು ಗೊತ್ತಿತ್ತಾ?"

"ಬದುಕಿದಾರೆ ಅಂತ!"

ಮುದುಕಿ ಮಗನ ಕಾಲಿನ ಹೊದಿಕೆ ಸರಿ ಮಾಡಿದಳು, ಮತ್ತೆ ಸರಿ ಮಾಡಿದಳು. ಆಮೇಲೆ ನೆಲಕ್ಕೆ ಕುಸಿದಳು.

"ಅಲ್ಲೊಬ್ಳ ಜೊತೆ ಸಂಸಾರ ಹೂಡಿದೀನಿ, ಇನ್ನು ಬರಲ್ಲ, ನೀನೇ ಹೇಳ್ಬಿಡು ಅಂದ ಕಣೇ! ಹೆಂಗೆ ಹೇಳ್ಲಿ? ಹೆಂಡ್ತೀನ ಬಿಟ್ಟೋದೋನ ತಾಯಿ ಅಂತ ಊರಲ್ಲಿ ಹೆಂಗೆ ತಲೆ ಎತ್ತಲಿ? ಸತ್ತ ಅಂದ್ರೆ ಮರ್ಯಾದೆ ಉಳೀತಿತ್ತು..."

"ಮತ್ತೆ ಶಿಲುಬೆ ಎತ್ತೋಕೆ ಸೆಲೆರಿನೊನೇ ಯಾಕೆ ಬೇಕಿತ್ತು?"

ಮುದುಕಿ ಮುಖ ತಿರುಗಿಸಿದಳು.

"ಹೇಳಿ ಅತ್ತೆ!"

"ನೀನು ಅವ್ನ ಜೊತೆ ಹೋಗ್ಬಿಟ್ರೆ..." ಎರ್ಮಿನಿಯಾ ಬಿಕ್ಕಿದಳು, "ನಂಗೆ ಯಾರೇ ಗತಿ? ಒಂದು ತುತ್ತು ಗಂಜಿ ಯಾರು ಕೊಡ್ತಿದ್ರು? ಕೊಂಪಾದ್ರೆ ಮಾಡ್ಬಿಟ್ರೆ ಎಲ್ಲೂ ಹೋಗಲ್ಲ ಅಂತ... ನನ್ನ ಹೊಡಿ ಬೇಕಾದ್ರೆ!"

ಒತಿಲಿಯಾ ಹೊಡೆಯಲಿಲ್ಲ. ಅವಳ ತಲೆಯೊಳಗೆ ಎಲ್ಲವೂ ಕಲಸಿಹೋಗಿತ್ತು. ಗಂಡ ಸತ್ತಿಲ್ಲವಾದರೆ ಆ ಶಿಲುಬೆ ಸುಳ್ಳು. ಶಿಲುಬೆ ಸುಳ್ಳಾದರೆ ಆ ನಂಟೂ ಸುಳ್ಳು. ನಂಟು ಸುಳ್ಳಾಗಿ ದಾರಿ ತೆರೆದ ಇವತ್ತೇ ಗಂಡ ಎದುರಿಗೆ ಮಲಗಿದ್ದಾನೆ! ಹೆಂಡತಿಯೋ, ವಿಧವೆಯೋ, ಯಾರು ತಾನು? ಕೇಳೋಣವೆಂದರೆ ಅವನಿಗೆ ಬಾಯಿಲ್ಲ. ಬಯ್ಯೋಣವೆಂದರೆ ಅವನ ಒಂದು ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯುತ್ತಿದೆ. ಒರೆಸಿಕೊಳ್ಳಲೂ ಅವನಿಂದಾಗದು.

ಬಾಗಿಲಲ್ಲಿ ಸೆಲೆರಿನೊ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನಾನು ಹೊರಡ್ಲಾ ಕೊಮಾದ್ರೆ?" ಎಂದ.

"ಒಂದ್ನಿಮಿಷ ಇರಿ." ಅವಳು ಅತ್ತೆಯ ಕಡೆ ತಿರುಗಿದಳು. "ಇವ್ರನ್ನ ನಾನು ನೋಡ್ಕೋತೀನಿ. ನಿಮ್ಮನ್ನೂ ನೋಡ್ಕೋತೀನಿ. ಹೆಂಡ್ತಿ ಅಂತ ಅಲ್ಲ, ಸೊಸೆ ಅಂತಾನೂ ಅಲ್ಲ... ಏನಂತ ಅಂತ ನಂಗೂ ತಿಳೀತಿಲ್ಲ. ಬಿದ್ದಿರೋ ಮನುಷ್ಯನ್ನ ದಾಟ್ಕೊಂಡು ಹೋಗೋದು ನನ್ನ ಕೈಲಾಗಲ್ಲ, ಅಷ್ಟೆ. ಆದ್ರೆ ನೀವು ಕಟ್ಟಿದ ಆ ನಂಟನ್ನ ಇನ್ನೊಂದು ದಿನ ಹೊರೋದಕ್ಕೂ ನನ್ನ ಕೈಲಾಗಲ್ಲ."

ಮುದುಕಿ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ರೋಗಿ ನರಳಿದ. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಒತಿಲಿಯಾ ಕಣ್ಣೊರೆಸಿಕೊಂಡು ಮಂಚದ ಈ ಕಡೆ ಬಂದು ಗಂಡನ ಹೆಗಲ ಕೆಳಗೆ ಕೈ ತೂರಿಸಿದಳು. ತಲೆ ಎತ್ತಿ, ಬಾಗಿಲ ಕಡೆಗೆ ನೇರವಾಗಿ ನೋಡಿದಳು. ಅತ್ತೆಯ ಮುಂದೆ, ಗಂಡನ ಮುಂದೆ, ಬೇಲಿಯಾಚೆ ಕಿವಿ ನಿಮಿರಿಸಿ ನಿಂತಿದ್ದ ಎಫಿಗೆನಿಯಾಗೂ ಕೇಳುವಂತೆ ಹೆಸರು ಹಿಡಿದು ಕರೆದಳು:

"ಸೆಲೆರಿನೊ, ಬಾ. ಆ ಕಡೆ ಹಿಡ್ಕೋ."

ಅವನು ಕೂಡಲೇ ಕದಲಲಿಲ್ಲ. ಫಿದೆನ್ಸಿಯೊನ ಕಣ್ಣು ಇವಳಿಂದ ಅವನಿಗೆ, ಅವನಿಂದ ಇವಳಿಗೆ ಹೊರಳಿತು. ಆಮೇಲೆ ಸೆಲೆರಿನೊ ಬಂದು, ಮಂಡಿಯೂರಿ, ಮಂಚದ ಆ ಕಡೆಯಿಂದ ಕೈ ಕೊಟ್ಟ.

"ಹಿಡ್ಕೊಂಡೆ, ಒತಿಲಿಯಾ," ಎಂದ.

ಇಬ್ಬರೂ ಸೇರಿ, ನೋವಾಗದ ಹಾಗೆ, ಅವನನ್ನು ಮೆಲ್ಲಗೆ ಗೋಡೆಯ ಕಡೆಗೆ ಹೊರಳಿಸಿದರು.